ಟೆನುಗುಯಿ ಅಂಚಿಂದ ದಾರ ಬರ್ತಿದೆ, ಹೊಲಿಸ್ಲಾ?

ಪ್ರಶ್ನೆ: ಗೆಳತಿ ಜಪಾನಿಂದ ಟೆನುಗುಯಿ ಅಂತ ಒಂದು ತೆಳ್ಳಗಿನ ಕಾಟನ್ ಬಟ್ಟೆ ತಂದುಕೊಟ್ಲು, ಕಡುನೀಲಿ ಮೇಲೆ ಬಿಳಿ ಅಲೆಗಳ ಡಿಸೈನು. ಎರಡೇ ಸಲ ಒಗೆದಿದ್ದು, ಆಗ್ಲೇ ಎರಡೂ ತುದಿಯಿಂದ ದಾರ ಎದ್ದು ಬರ್ತಿದೆ, ಬಣ್ಣಾನೂ ಬಿಡ್ತು. ನೋಡಿದ್ರೆ ತುದಿ ಮಡಿಸಿ ಹೊಲಿದೇ ಇಲ್ಲ. ಡಿಫೆಕ್ಟ್ ಪೀಸಾ? ಹೊಲಿಸಿಬಿಡ್ಲಾ?

ಉತ್ತರ: ದಯವಿಟ್ಟು ಹೊಲಿಸ್ಬೇಡಿ! ಅದು ಇರೋದೇ ಹಾಗೆ. ಉದ್ದನೆ ತಾನಿಂದ ಸುಮಾರು 90 ಸೆಂಟಿಮೀಟರ್‌ಗೆ ಒಂದೊಂದು ಕತ್ತರಿಸಿ ಹಾಗೇ ಬಿಡ್ತಾರೆ, ಮಡಿಕೆ ಇಲ್ದೇ ಇರೋದ್ರಿಂದ ಅಂಚಲ್ಲಿ ನೀರು ನಿಲ್ಲಲ್ಲ, ಕೊಳೆ ಕೂರಲ್ಲ, ಬೇಗ ಒಣಗತ್ತೆ, ಹಿಂದೆಲ್ಲ ಗಾಯ ಆದ್ರೆ ಅಲ್ಲೇ ಪರ್ರಂತ ಹರಿದು ಪಟ್ಟಿ ಕಟ್ಕೊಳ್ಳೋರು. ದಾರ ಎದ್ದಾಗ ಎಳೀಬೇಡಿ, ಎಳೆದಷ್ಟೂ ಬರತ್ತೆ, ಕತ್ತರಿಯಲ್ಲಿ ಬುಡಕ್ಕೆ ಕಟ್ ಮಾಡಿ. ಇನ್ನೊಂದಷ್ಟು ಸಲ ಒಗೆಯೋ ಹೊತ್ತಿಗೆ ಅಂಚು ಸಣ್ಣ ಕುಚ್ಚಿನ ಥರ ಆಗಿ ತಾನೇ ನಿಲ್ಲತ್ತೆ.

ಈಗ ಬಟ್ಟೆ ತಿರುಗಿಸಿ ನೋಡಿ. ಹಿಂದುಗಡೆ ನೀಲಿ ಮುಂದಿನಷ್ಟೇ ಗಾಢವಾಗಿದ್ರೆ, ಅಲೆಯ ಅಂಚಲ್ಲಿ ಬಣ್ಣ ಒಂಚೂರು ಹರಡಿದ ಹಾಗಿದ್ರೆ, ಅದು ಹೆಚ್ಚುಕಮ್ಮಿ ಚೂಸೆನ್ ಅನ್ನೋ ಕೈಬಣ್ಣದ್ದೇ, ನಿಮ್ಮ ಗೆಳತಿ ಒಳ್ಳೇದನ್ನೇ ಆರಿಸಿದ್ದಾರೆ. ಜಪಾನಿನ ಮೀಜಿ ಕಾಲದಲ್ಲಿ, ಅಂದ್ರೆ 1868ರಿಂದ 1912ರ ನಡುವೆ, ಒಸಾಕಾದಲ್ಲಿ ಹುಟ್ಟಿದ ವಿದ್ಯೆ ಇದು. ಸ್ಟೆನ್ಸಿಲ್ ಇಟ್ಟು, ಬಿಳಿ ಉಳೀಬೇಕಾದ ಕಡೆ ಅಂಟು ಬಳಿದು, ಬಟ್ಟೆ ಮಡಚಿ, ಮತ್ತೆ ಅಂಟು ಬಳಿದು, ಹೀಗೆ ಪದರದ ಮೇಲೆ ಪದರ ಪೇರಿಸ್ತಾರೆ, ಆಮೇಲೆ ಬಣ್ಣ ಹಾಕೋ ಜಾಗದ ಸುತ್ತ ಅದೇ ಅಂಟಿನಲ್ಲಿ ಗದ್ದೆಗೆ ಬದು ಹಾಕಿದ ಹಾಗೆ ಬದು ಕಟ್ಟಿ ಕೆಟಲ್‌ನಿಂದ ಬಣ್ಣ ಸುರೀತಾರೆ. ಕೆಳಗಿಂದ ಗಾಳಿ ಎಳೆಯೋ ಮಷೀನು ಬಣ್ಣಾನ ಪದರಗಳ ಒಳಗೆಲ್ಲ ಇಳಿಸತ್ತೆ. ಅಷ್ಟಕ್ಕೇ ಬಿಡಲ್ಲ, ಇಡೀ ಅಟ್ಟೀನ ಮಗುಚಿ ಹಿಂದಿನಿಂದಲೂ ಸುರೀತಾರೆ. ಬಣ್ಣ ನೂಲಿನ ಒಳಕ್ಕೇ ಇಳಿದಿರತ್ತೆ, ಮೇಲೆ ಮೆತ್ತಿದ್ದಲ್ಲ, ಅದಕ್ಕೇ ಎರಡೂ ಕಡೆ ಒಂದೇ ಥರ ಕಾಣೋದು. ನನಗಂತೂ ಆ ಹರಡಿದ ಅಂಚೇ ಇಷ್ಟ, ಪ್ರಿಂಟ್‌ನಲ್ಲಿ ಅದು ಸಿಗಲ್ಲ.

ಮೊದಮೊದಲು ಬಣ್ಣ ಬಿಡೋದು ಸಹಜ. ಬೇರೆ ಬಟ್ಟೆ ಜೊತೆ ಹಾಕದೆ ತಣ್ಣೀರಲ್ಲಿ ಕೈಯಲ್ಲೇ ಒಗೀರಿ, ನೆನೆಸಿ ಇಡ್ಬೇಡಿ, ಬ್ಲೀಚ್ ಅಂತೂ ಬೇಡವೇ ಬೇಡ, ಒಗೆದ ತಕ್ಷಣ ಸುಕ್ಕು ಬಿಡಿಸಿ ನೆರಳಲ್ಲಿ ಹರವಿ.

ಚೆನ್ನಾಗಿದೆ ಅಂತ ಬೀರುವಲ್ಲಿ ಮಾತ್ರ ಇಟ್ಬಿಡ್ಬೇಡಿ. ಜಪಾನಲ್ಲಿ ಕೈ ಒರೆಸೋಕೆ, ಪಾತ್ರೆ ಒರೆಸೋಕೆ, ಹಬ್ಬದಲ್ಲಿ ತಲೆಗೆ ಕಟ್ಕೊಳ್ಳೋಕೆ, ಕೆಂಡೋ ಅನ್ನೋ ಕತ್ತಿವರಸೆ ಆಡೋರು ಹೆಲ್ಮೆಟ್ ಒಳಗೆ ಸುತ್ಕೊಳ್ಳೋಕೆ, ಎಲ್ಲಕ್ಕೂ ಇದೇ. ರಾಕುಗೋ ಅಂತ ಒಬ್ಬರೇ ಕೂತು ಅಭಿನಯಿಸ್ತಾ ಕಥೆ ಹೇಳೋರ ಕೈಲಿ ಒಂದು ಬೀಸಣಿಗೆ, ಒಂದು ಟೆನುಗುಯಿ ಬಿಟ್ರೆ ಬೇರೇನೂ ಇರಲ್ಲ, ಅದೇ ಬಟ್ಟೆ ಒಮ್ಮೆ ಪರ್ಸ್ ಆಗತ್ತೆ, ಇನ್ನೊಮ್ಮೆ ಪುಸ್ತಕ ಆಗತ್ತೆ. ಹೊಸದು ಸ್ವಲ್ಪ ಬಿರುಸು, ನೀರೂ ಅಷ್ಟಾಗಿ ಹೀರಲ್ಲ, ಬಳಸ್ತಾ ಬಳಸ್ತಾ ಮೆತ್ತಗಾಗತ್ತೆ. ಇವತ್ತೇ ಅಡುಗೆಮನೆಯಲ್ಲಿ ಕೈ ಒರೆಸೋಕೆ ನೇತುಹಾಕಿ.