ಸೇವಂತಿಗೆ ಸ್ಪರ್ಧೆಯಲ್ಲಿ ಅಷ್ಟು ದೊಡ್ಡ ಹೂವಿಟ್ಟರೂ ಬಹುಮಾನ ಯಾಕೆ ಬರಲಿಲ್ಲ?

ನೀವು ಕೇಳಿದ್ದು ‘ಒಂದೇ ತಳಿ, ಮೂರು ಹೂ’ ವಿಭಾಗದ ಬಗ್ಗೆ. ಅಲ್ಲಿ ಅಂಕ ಕೊಡುವುದು ಹೂದಾನಿಯಲ್ಲಿರುವ ಮೂರಕ್ಕೂ ಸೇರಿಸಿ, ಅತಿ ದೊಡ್ಡದಕ್ಕಲ್ಲ. ಒಂದು ಹೂ ಭಾರಿಯಾಗಿದ್ದರೆ ಉಳಿದೆರಡು ಇನ್ನೂ ಸಣ್ಣದಾಗಿ ಕಾಣುತ್ತವೆ. ಗಾತ್ರ, ಬಣ್ಣ, ಅರಳಿದ ಹಂತ ಎಲ್ಲದರಲ್ಲೂ ಮೂರೂ ಹೊಂದಬೇಕು. ಸ್ವಲ್ಪ ಚಿಕ್ಕದಾದರೂ ಒಂದೇ ಅಚ್ಚಿನಲ್ಲಿ ತೆಗೆದಂತಿರುವ ಹೂಗಳು ಗೆಲ್ಲುವುದು ಇದಕ್ಕೇ.

ಆದರೆ ಗಾತ್ರಕ್ಕಿಂತ ಜಾಸ್ತಿ ಅಂಕ ಹೋಗುವುದು ತಾಜಾತನದಲ್ಲಿ ಅಂತ ನನ್ನ ಅನಿಸಿಕೆ. ಸೇವಂತಿಗೆ ಅರಳುವುದು ಹೊರಗಿನಿಂದ ಒಳಕ್ಕೆ. ಹಾಗಾಗಿ ಕೆಳಗಿನ ಹೊರಸುತ್ತಿನ ಎಸಳುಗಳೇ ಎಲ್ಲಕ್ಕಿಂತ ಹಳೆಯವು. ಬಾಡುವುದು, ಕಂದುವುದು ಅಲ್ಲಿಂದಲೇ ಶುರು. ಮೇಲಿಂದ ನೋಡಿದರೆ ಹೂ ಚೆಂದವೇ ಇರುತ್ತದೆ, ಆದರೆ ತೀರ್ಪುಗಾರರು ಬಗ್ಗಿ ಅಡಿಯನ್ನೂ ನೋಡುತ್ತಾರಲ್ವಾ! ಕಂದಿದ ಎಸಳು ಒಂದೆರಡು ಕಿತ್ತರೆ ಗೊತ್ತಾಗುವುದಿಲ್ಲ. ಜಾಸ್ತಿ ಕಿತ್ತರೆ ಸುತ್ತಿನಲ್ಲಿ ಖಾಲಿ ಜಾಗ ಎದ್ದು ಕಾಣುತ್ತದೆ. ಎಸಳು ಒತ್ತೊತ್ತಾಗಿರುವ ತಳಿಯಲ್ಲಿ ನಡುವಿನ ಹಳದಿ ಕಣ್ಣು ಇಣುಕಿದರೂ ದೋಷವೇ.

ಇದೆಲ್ಲಕ್ಕೂ ಮೊದಲು ಎಣಿಕೆ. ಮೂರು ಅಂದರೆ ಮೂರೇ. ಚೆಂದ ಕಾಣಲಿ ಅಂತ ಸುಮ್ನೆ ನಾಲ್ಕನೆಯದು ಸೇರಿಸಿದರೆ ಗುಣ ನೋಡುವ ಮೊದಲೇ ಸ್ಪರ್ಧೆಯಿಂದ ಹೊರಗೆ. ಒಂದು ಕಡ್ಡಿಯಲ್ಲಿ ಹಲವು ಹೂ ಬಿಡುವ ಗೊಂಚಲು ತಳಿಗಳ ವಿಭಾಗದಲ್ಲಿ ಸಾಮಾನ್ಯವಾಗಿ ಎಣಿಸುವುದು ಕಡ್ಡಿಗಳನ್ನು, ಹೂಗಳನ್ನಲ್ಲ. ನಿಯಮದ ಹಾಳೆಯಲ್ಲಿ ಯಾವ ಪದ ಇದೆ ಅಂತ ಮೊದಲು ನೋಡಿಕೊಳ್ಳಿ.