ಕಾರವಾರದಿಂದ ಹರಳಿನ ಎಕ್ಸ್‌ರೇ ಮಾಡಿಸುವುದು ಹೇಗೆ?

ಕಾರವಾರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೀರಿ, ತಾಮ್ರದ ಸಂಯುಕ್ತವೊಂದರ ಹರಳು ಬಂದಿದೆ, ಕಾಲೇಜಿನಲ್ಲಿ ಯಂತ್ರವಿಲ್ಲ, ಎಲ್ಲಿಗೆ ಕಳಿಸಲಿ ಎಂದು ಕೇಳಿದ್ದೀರಿ.

ಹರಳಿಗೆ ಎಕ್ಸ್‌ರೇ ಹಾಯಿಸಿ ಒಳಗಿನ ರಚನೆ ತಿಳಿಯುವ ಈ ಯಂತ್ರ ಕೋಟಿಗಟ್ಟಲೆ ಬೆಲೆಯದು. ಅದಕ್ಕೇ ಹೊರಗಿನವರೂ ಶುಲ್ಕ ಕೊಟ್ಟು ಬಳಸುವ ಸೈಫ್ (ಸರ್ಕಾರಿ ನೆರವಿನ ವಿಶ್ಲೇಷಣಾ ಯಂತ್ರಗಳ) ಕೇಂದ್ರಗಳಿವೆ. ಒಂಟಿ ಹರಳಿನ ಯಂತ್ರ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದ ಆವರಣದಲ್ಲೂ ಐಐಟಿ ಮದ್ರಾಸಿನಲ್ಲೂ ಇದೆ. ಕೊಚ್ಚಿಗಾದರೆ ನಮ್ಮ ಕೊಂಕಣ ರೈಲೇ ಸಾಕು. ದೇಶದ ಸಂಶೋಧನಾ ಯಂತ್ರಗಳ ಪಟ್ಟಿ ಇರುವ ಐ-ಸ್ಟೆಮ್ ಜಾಲತಾಣದಲ್ಲೂ ಯಂತ್ರ ಹುಡುಕಬಹುದು.

ಫಾರ್ಮಿನಲ್ಲಿ ಪೌಡರ್ ಎಕ್ಸ್‌ಆರ್‌ಡಿ (ಪುಡಿಯ ಎಕ್ಸ್‌ರೇ ಪರೀಕ್ಷೆ) ಎಂದು ಬರೆದುಕೊಡಬೇಡಿ. ಪುಡಿಯಿಂದ ವಸ್ತು ಯಾವುದು, ಶುದ್ಧವಾಗಿದೆಯೇ ಎಂದು ಬೇಗ ಗೊತ್ತಾಗುತ್ತದೆ. ಒಂದೊಂದು ಪರಮಾಣುವಿನ ಜಾಗ ಬೇಕೆಂದರೆ ಒಂಟಿ ಹರಳೇ ಆಗಬೇಕು. 0.1ರಿಂದ 0.3 ಮಿ.ಮೀ. ಇದ್ದರೆ ಸಾಕು, ಸಕ್ಕರೆ ಕಾಳಿಗಿಂತ ಚಿಕ್ಕದು! ದೊಡ್ಡದಕ್ಕಿಂತ ಅಂಚು ಚೂಪಾಗಿ, ಒಳಗೆ ಬಿರುಕಿಲ್ಲದೆ ಇರುವುದು ಮುಖ್ಯ.

ಒಣಗಿಸಿ ಕಳಿಸುವುದು ಎಲ್ಲರೂ ಮಾಡುವ ಎಡವಟ್ಟು. ಎಷ್ಟೋ ಹರಳುಗಳು ಒಳಗಿನ ದ್ರಾವಕ ಹಾರಿದ ಕೂಡಲೇ ಒಡೆದು ಪುಡಿಯಾಗುತ್ತವೆ. ಬೆಳೆದ ದ್ರಾವಣದಲ್ಲೇ ಬಿಟ್ಟು, ಸಣ್ಣ ಸೀಸೆಯ ಬಿರಡೆ ಬಿಗಿ ಮಾಡಿ. ಕೇಂದ್ರದಲ್ಲಿ ಹರಳಿಗೆ ಎಣ್ಣೆ ಸವರಿ, ತಣ್ಣನೆಯ ಸಾರಜನಕ ಹಾಯಿಸಿ 100 ಕೆಲ್ವಿನ್‌ನಷ್ಟು (ಸುಮಾರು ಮೈನಸ್ 173 ಡಿಗ್ರಿ ಸೆಲ್ಸಿಯಸ್) ತಂಪಿನಲ್ಲಿ ಅಳೆಯುವ ಸೌಲಭ್ಯ ಇದೆಯೇ ಕೇಳಿ. ಆ ತಂಪಿಗೆ ಪರಮಾಣುಗಳ ಅಲುಗಾಟ ಕಡಿಮೆಯಾಗಿ ಚಿತ್ರ ಸ್ಪಷ್ಟವಾಗುತ್ತದೆ.

ಫಾರ್ಮಿನಲ್ಲಿ ಅಂದಾಜು ಸೂತ್ರ, ಬಳಸಿದ ದ್ರಾವಕ, ವಿಷಕಾರಿ ಹೌದೋ ಅಲ್ಲವೋ ಬರೆಯಿರಿ. ಬರೀ ದತ್ತಾಂಶ ಕೊಡುತ್ತಾರೋ, ರಚನೆ ಬಿಡಿಸಿ ಸಿಐಎಫ್ ಫೈಲ್ (ಹರಳಿನ ರಚನೆಯ ವಿವರ ಇರುವ ಕಡತ) ಕೊಡುತ್ತಾರೋ ಎಂಬುದನ್ನೂ ಮೊದಲೇ ಕೇಳಿ. ಶುಲ್ಕ ಅದರ ಮೇಲೆ ಹೆಚ್ಚುಕಮ್ಮಿ ಆಗಬಹುದು.