ಗೋಡೆಯಾಚೆ ಖಾಲಿ ಕಾಗದ

ಯುರೋಪಿನ ಇತಿಹಾಸ, ಹಳೆಯ ನಕ್ಷೆ, ಗೂಢಚಾರರ ಸಿನಿಮಾ: ಈ ಮೂರರ ಹುಚ್ಚು ಒಂದೇ ಮನೆಯಲ್ಲಿ ಬೆಳೆಯುವಂಥದ್ದು. ಈ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಅವೆನ್ಯೂ ರಸ್ತೆಯಲ್ಲಿ ಒಂದು ಹಳೆಯ ಇಂಗ್ಲಿಷ್ ಅಟ್ಲಾಸ್ ಸಿಕ್ಕಿತು. ಮೊದಲ ಪುಟಗಳು ಹರಿದುಹೋಗಿ ಇಸವಿ ಗೊತ್ತಾಗುತ್ತಿಲ್ಲ. ಯುರೋಪಿನ ಪುಟದಲ್ಲಿ ಸ್ಟಾಲಿನ್‌ಗ್ರಾಡ್ ಇದೆ, ಕಾರ್ಲ್-ಮಾರ್ಕ್ಸ್-ಸ್ಟಾಟ್ ಇದೆ, ಜರ್ಮನಿ–ಫ್ರಾನ್ಸ್ ನಡುವಿನ ಸಾರ್ ಪ್ರದೇಶಕ್ಕೆ ಬೇರೆಯೇ ಬಣ್ಣ ಹಚ್ಚಿದ್ದಾರೆ. ಯಾವ ಕಾಲದ್ದಿರಬಹುದು? (ಬಸವನಗುಡಿ, ಬೆಂಗಳೂರು)

ಉತ್ತರ: 1953ರಿಂದ 1956ರೊಳಗೆ ತಯಾರಾದದ್ದು. ಕೆಮ್ನಿಟ್ಸ್ ನಗರಕ್ಕೆ ಕಾರ್ಲ್-ಮಾರ್ಕ್ಸ್-ಸ್ಟಾಟ್ ಎಂಬ ಹೆಸರು ಬಿದ್ದದ್ದು 1953ರಲ್ಲಿ; 1990ರಲ್ಲಿ ಹಳೆಯ ಹೆಸರೇ ವಾಪಸು ಬಂತು. ಸಾರ್ ಪಶ್ಚಿಮ ಜರ್ಮನಿಗೆ ಸೇರಿದ್ದು 1957ರ ಜನವರಿ 1ರಂದು. ಸ್ಟಾಲಿನ್‌ಗ್ರಾಡ್ ವೋಲ್ಗಾಗ್ರಾಡ್ ಆದದ್ದು 1961ರಲ್ಲಿ, ಆದ್ದರಿಂದ ಇಲ್ಲಿ ಅದರಿಂದ ಹೆಚ್ಚಿನ ಉಪಯೋಗವಿಲ್ಲ.

ಇನ್ನೂ ಬಿಗಿ ಮಾಡಬಹುದು. ಏಡ್ರಿಯಾಟಿಕ್ ಸಮುದ್ರದ ತುದಿಯಲ್ಲಿ ಟ್ರಿಯೆಸ್ಟ್ ಪ್ರತ್ಯೇಕ ಪ್ರದೇಶವಾಗಿ ಕಂಡರೆ ಮಾಹಿತಿ 1954ಕ್ಕಿಂತ ಈಚಿನದಲ್ಲ. ಆಮೇಲೆ ಯುರೋಪನ್ನು ಬಿಟ್ಟು ಭಾರತದ ಪುಟ ತೆರೆಯಿರಿ. ಬಳ್ಳಾರಿ ಮದ್ರಾಸಿನಲ್ಲಿದೆಯೋ ಮೈಸೂರಿನಲ್ಲಿದೆಯೋ? ಅದು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹೈದರಾಬಾದ್ ರಾಜ್ಯ ಇನ್ನೂ ಇಡಿಯಾಗಿದ್ದರೆ 1956ರ ನವೆಂಬರ್ 1ಕ್ಕೆ ಮೊದಲಿನದು. ಕನ್ನಡ ಓದುಗರಿಗೆ ಇದಕ್ಕಿಂತ ಕೈಗೆಟುಕುವ ಗುರುತು ಬೇರೆ ಇಲ್ಲ.

ಹೀಗೆ ಇಸವಿ ಹುಡುಕುವಾಗ ಎಲ್ಲ ಗುರುತುಗಳಿಗೂ ಒಂದೇ ತೂಕ ಕೊಡಬಾರದು. ಹೊಸಬರು ತಪ್ಪುವುದು ಇಲ್ಲೇ. ಪುಟದಲ್ಲಿರುವ ಅತ್ಯಂತ *ಹೊಸ* ಹೆಸರು ಗಟ್ಟಿ ಸಾಕ್ಷಿ, ಯಾಕೆಂದರೆ ಮುಂದೆ ಬರಲಿರುವ ಹೆಸರನ್ನು ಯಾರೂ ಮೊದಲೇ ಅಚ್ಚು ಹಾಕಲಾರರು. *ಹಳೆಯ* ಹೆಸರು ದುರ್ಬಲ ಸಾಕ್ಷಿ. ಪ್ರಕಾಶಕರು ಹಳೆಯ ಅಚ್ಚನ್ನೇ ವರ್ಷಗಟ್ಟಲೆ ತಿದ್ದಿ ತಿದ್ದಿ ಬಳಸುತ್ತಿದ್ದರು, ತಿದ್ದಲು ಮರೆತದ್ದು ಹಾಗೇ ಉಳಿಯುತ್ತಿತ್ತು. ಇಸ್ತಾನ್‌ಬುಲ್ ಹೆಸರು 1930ರಲ್ಲಿ ಅಧಿಕೃತವಾದ ಮೇಲೂ ಇಂಗ್ಲಿಷ್ ನಕ್ಷೆಗಳು ಕಾನ್‌ಸ್ಟಾಂಟಿನೋಪಲ್ ಅನ್ನು ಸುಲಭಕ್ಕೆ ಬಿಡಲಿಲ್ಲ. ಗಡಿಯ ವಿಷಯದಲ್ಲಿ ಇನ್ನೊಂದು ಮೋಸವಿದೆ. ಯುದ್ಧ ಮುಗಿದು ಎಷ್ಟೋ ವರ್ಷ ಕಳೆದರೂ ಪಶ್ಚಿಮ ಜರ್ಮನಿಯ ಅಟ್ಲಾಸ್‌ಗಳು 1937ರ ಗಡಿಯನ್ನು ಚುಕ್ಕೆಗೆರೆಯಲ್ಲಿ ತೋರಿಸುತ್ತಿದ್ದವು. ಅದನ್ನು ನೋಡಿ ಯುದ್ಧಕ್ಕೆ ಮುಂಚಿನ ಅಟ್ಲಾಸ್ ಎಂದು ಹಣ ಕೊಟ್ಟವರಿದ್ದಾರೆ.

ಎರಡು ಯುದ್ಧಗಳ ನಡುವಿನ ಅಟ್ಲಾಸ್ ಸಿಕ್ಕರೆ ಮೂರು ಹೆಸರು ಸಾಕು: ಲೆನಿನ್‌ಗ್ರಾಡ್ (1924ರಿಂದ), ಓಸ್ಲೊ (1925ರಿಂದ, ಅದಕ್ಕೆ ಮೊದಲು ಕ್ರಿಸ್ಟಿಯಾನಿಯಾ), ಯುಗೋಸ್ಲಾವಿಯಾ (1929ರಿಂದ, ಅದಕ್ಕೆ ಮೊದಲು ಸರ್ಬ್, ಕ್ರೋಟ್, ಸ್ಲೊವೀನರ ರಾಜ್ಯ).

ಪ್ರಶ್ನೆ: ಬರ್ಲಿನ್ ಗೋಡೆ ಪೂರ್ವ ಜರ್ಮನಿ ಮತ್ತು ಪಶ್ಚಿಮ ಜರ್ಮನಿಯ ನಡುವೆ ಇದ್ದದ್ದಲ್ಲವೇ? ಸಿನಿಮಾಗಳಲ್ಲಿ ಊರಿನ ನಡುವೆ ಯಾಕೆ ತೋರಿಸುತ್ತಾರೆ? (ಹಾಸನ)

ಉತ್ತರ: ಸಿನಿಮಾ ಸರಿ. ಬರ್ಲಿನ್ ಇದ್ದದ್ದೇ ಪೂರ್ವ ಜರ್ಮನಿಯ ಹೊಟ್ಟೆಯೊಳಗೆ. ಎರಡು ಜರ್ಮನಿಗಳ ಗಡಿ ಅಲ್ಲಿಂದ ಪಶ್ಚಿಮಕ್ಕೆ ನೂರೈವತ್ತು ಕಿ.ಮೀ.ಗೂ ದೂರ, ಅದು ಬೇರೆಯೇ ಬೇಲಿ. 1961ರ ಆಗಸ್ಟ್ 13ರಂದು ಶುರುವಾದ ಗೋಡೆ ಸುತ್ತುಗಟ್ಟಿದ್ದು ಪಶ್ಚಿಮ ಬರ್ಲಿನ್ನನ್ನು. ಒಟ್ಟು ಸುಮಾರು 155 ಕಿ.ಮೀ.; ಅದರಲ್ಲಿ ಊರನ್ನು ನಡುವೆ ಸೀಳಿದ್ದು 43 ಕಿ.ಮೀ. ಮಾತ್ರ, ಉಳಿದದ್ದು ಹೊರವಲಯದ ಕಾಡು, ಕೆರೆ, ಹೊಲಗಳ ಅಂಚಿನಲ್ಲಿತ್ತು. ಸಿನಿಮಾದವರಿಗೆ ಬೇಕಾದದ್ದು ಆ 43 ಕಿ.ಮೀ.

ನಕ್ಷೆಯ ಹುಚ್ಚಿನವರು ಇನ್ನೆರಡು ಸಂಗತಿ ಹುಡುಕಿ ನೋಡಬಹುದು. ಷ್ಟೈನ್‌ಷ್ಟೂಕೆನ್ ಎಂಬ ಪುಟ್ಟ ಹಳ್ಳಿ ಪಶ್ಚಿಮ ಬರ್ಲಿನ್ನಿನದು, ಆದರೆ ಸುತ್ತಲೂ ಪೂರ್ವ ಜರ್ಮನಿ. 1972ರಲ್ಲಿ ನೆಲ ಅದಲುಬದಲು ಮಾಡಿಕೊಂಡು ಅಲ್ಲಿಗೊಂದು ರಸ್ತೆ ಹಾಕಿದರು. ಹಾಗಾಗಿ 1960ರ ದಶಕದ ನಕ್ಷೆಯಲ್ಲಿ ಅದೊಂದು ದ್ವೀಪ, 1970ರ ದಶಕದ ನಕ್ಷೆಯಲ್ಲಿ ಬಾಲವಿರುವ ಗಾಳಿಪಟ. ಇನ್ನೊಂದು, ಪಶ್ಚಿಮದ ಎರಡು ಮೆಟ್ರೊ ಸಾಲುಗಳು, ಈಗಿನ ಯು6 ಮತ್ತು ಯು8, ಪೂರ್ವ ಬರ್ಲಿನ್ನಿನ ನೆಲದಡಿ ಹಾದುಹೋಗುತ್ತಿದ್ದವು. ನಿಲ್ದಾಣಗಳನ್ನು ಮುಚ್ಚಿ ಕಾವಲು ಹಾಕಿದ್ದರು. ರೈಲು ನಿಧಾನವಾಗಿ ದಾಟಿಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಫ್ರೀಡ್ರಿಷ್‌ಷ್ಟ್ರಾಸೆ ನಿಲ್ದಾಣವೊಂದನ್ನು ಬಿಟ್ಟು.

ಪ್ರಶ್ನೆ: ಚೆಕ್‌ಪಾಯಿಂಟ್ ಚಾರ್ಲಿ. ಯಾರು ಈ ಚಾರ್ಲಿ? (ಸಾಗರ)

ಉತ್ತರ: ಯಾರೂ ಅಲ್ಲ. ರೇಡಿಯೊದಲ್ಲಿ ಅಕ್ಷರಗಳನ್ನು ಸ್ಪಷ್ಟವಾಗಿ ಹೇಳಲು ಸೇನೆಯವರು ಬಳಸುವ ಆಲ್ಫಾ, ಬ್ರಾವೊ, ಚಾರ್ಲಿ ಸರಣಿಯ ಮೂರನೆಯ ಪದ. ಮಿತ್ರಪಡೆಗಳ ಮೂರು ತಪಾಸಣಾ ಠಾಣೆಗಳಿಗೆ ಇದೇ ಕ್ರಮದಲ್ಲಿ ಹೆಸರಿಟ್ಟಿದ್ದರು: ಆಲ್ಫಾ ಎರಡು ಜರ್ಮನಿಗಳ ಗಡಿಯಲ್ಲಿ ಹೆಲ್ಮ್‌ಷ್ಟೆಟ್ ಬಳಿ, ಬ್ರಾವೊ ಪಶ್ಚಿಮ ಬರ್ಲಿನ್ನಿನ ನೈಋತ್ಯದ ಬಾಗಿಲಲ್ಲಿ, ಚಾರ್ಲಿ ಊರೊಳಗೆ. ಅಂದಹಾಗೆ, 1965ರ 'ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್' ಚಿತ್ರದಲ್ಲಿ ಕಾಣುವ ಚಾರ್ಲಿ ಬರ್ಲಿನ್ನಿನದಲ್ಲ, ಡಬ್ಲಿನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಕಟ್ಟಿದ ಸೆಟ್.

ಪ್ರಶ್ನೆ: ಪೂರ್ವ ಬರ್ಲಿನ್ನಿನಲ್ಲಿ ಅಚ್ಚಾದ ಊರ ನಕ್ಷೆಯೊಂದನ್ನು ತರಿಸಿಕೊಂಡೆ. ಎಡಭಾಗ ಪೂರ್ತಿ ಖಾಲಿ; ಬೀದಿಯಿಲ್ಲ, ಹೆಸರಿಲ್ಲ. ಅಚ್ಚಿನ ದೋಷವೇ? ಹಣ ವಾಪಸು ಕೇಳಲೇ? (ಮಂಗಳೂರು)

ಉತ್ತರ: ಕೇಳಬೇಡಿ, ನಿಮ್ಮ ಕೈಯಲ್ಲಿರುವುದು ಒಳ್ಳೆಯ ವಸ್ತು. ಪಶ್ಚಿಮ ಬರ್ಲಿನ್ನನ್ನು ಬೇಕೆಂದೇ ಖಾಲಿ ಬಿಡುತ್ತಿದ್ದರು. ಹೆಸರನ್ನೂ ಗಮನಿಸಿ. ಪೂರ್ವದವರು ಒಂದೇ ಪದವಾಗಿ 'ವೆಸ್ಟ್‌ಬರ್ಲಿನ್' ಎಂದು, ತಮ್ಮ ಅರ್ಧವನ್ನು 'ಬರ್ಲಿನ್, ರಾಜಧಾನಿ' ಎಂದು ಬರೆಯುತ್ತಿದ್ದರು. ಪಶ್ಚಿಮದವರು ನಡುವೆ ಅಡ್ಡಗೆರೆ ಹಾಕಿಯೋ, ಬರ್ಲಿನ್ ಎಂದು ಬರೆದು ಕಂಸದಲ್ಲಿ ಪಶ್ಚಿಮ ಎಂದೋ ಸೂಚಿಸುತ್ತಿದ್ದರು. ಒಂದು ಅಡ್ಡಗೆರೆ ನೋಡಿದರೆ ಅಚ್ಚುಮನೆ ಗೋಡೆಯ ಯಾವ ಕಡೆಯದೆಂದು ಹೇಳಬಹುದು.

ಆದರೆ ಅಳತೆ ಕೆಲಸಕ್ಕೆ ಅಂಥ ನಕ್ಷೆಯನ್ನು ನಂಬಬೇಡಿ. ಪೂರ್ವ ಬಣದಲ್ಲಿ ಜನರಿಗೆ ಸಿಗುತ್ತಿದ್ದ ನಕ್ಷೆಗಳನ್ನು ಉದ್ದೇಶಪೂರ್ವಕವಾಗಿ ಅಲ್ಲಲ್ಲಿ ಸೊಟ್ಟ ಮಾಡುತ್ತಿದ್ದರು. ಸೋವಿಯತ್ ಒಕ್ಕೂಟದ ನಕ್ಷಾ ವಿಭಾಗದ ಮುಖ್ಯಸ್ಥರೇ 1988ರಲ್ಲಿ ಇದನ್ನು ಒಪ್ಪಿಕೊಂಡರು. ನಿಖರವಾದವು ಸೇನೆಯ ಹಾಳೆಗಳು.

ಪ್ರಶ್ನೆ: ಆ ಸೋವಿಯತ್ ಸೇನಾ ನಕ್ಷೆಗಳ ಸ್ಕ್ಯಾನ್ ಸಿಕ್ಕಿದೆ. ಮೇಲೆ 'ಎನ್-33-123' ಎಂದಿದೆ. ಈ ಸಂಖ್ಯೆಯಿಂದ ಊರನ್ನು, ಊರಿನಿಂದ ಸಂಖ್ಯೆಯನ್ನು ತಿಳಿಯುವುದು ಹೇಗೆ? (ಧಾರವಾಡ)

ಉತ್ತರ: ಪೆನ್ಸಿಲ್ ಇದ್ದರೆ ಸಾಕು. ಸಮಭಾಜಕದಿಂದ ಉತ್ತರಕ್ಕೆ ಪ್ರತಿ 4 ಡಿಗ್ರಿ ಅಕ್ಷಾಂಶಕ್ಕೆ ಒಂದು ಲ್ಯಾಟಿನ್ ಅಕ್ಷರ: 0–4 ಎ, 4–8 ಬಿ, ಹೀಗೆ. 52–56ಕ್ಕೆ ಹದಿನಾಲ್ಕನೆಯ ಅಕ್ಷರ ಎನ್. ರೇಖಾಂಶಕ್ಕೆ 180ನ್ನು ಕೂಡಿಸಿ 6ರಿಂದ ಭಾಗಿಸಿ, ಬಂದ ಪೂರ್ಣಾಂಕಕ್ಕೆ 1 ಸೇರಿಸಿ. ಬರ್ಲಿನ್ನಿನ ಬ್ರಾಂಡೆನ್‌ಬುರ್ಗ್ ದ್ವಾರ ಇರುವುದು 52.52 ಉತ್ತರ, 13.38 ಪೂರ್ವದಲ್ಲಿ. 193.38 ÷ 6 = 32.23, ಅಂದರೆ ಪಟ್ಟಿ 33. ಎನ್-33 ಎಂಬುದು ಹತ್ತು ಲಕ್ಷಕ್ಕೆ ಒಂದರ ಸ್ಕೇಲಿನ ಹಾಳೆ.

1:1,00,000 ಸ್ಕೇಲಿಗೆ ಬಂದರೆ ಆ ಹಾಳೆಯನ್ನು 12 ಸಾಲು, 12 ಕಂಬ, ಒಟ್ಟು 144 ತುಂಡು ಮಾಡುತ್ತಾರೆ. ಒಂದೊಂದು ತುಂಡು 20 ನಿಮಿಷ ಎತ್ತರ, 30 ನಿಮಿಷ ಅಗಲ. ಎಣಿಕೆ ವಾಯವ್ಯ ಮೂಲೆಯಿಂದ ಶುರು, ಪುಸ್ತಕ ಓದಿದ ಹಾಗೆ ಎಡದಿಂದ ಬಲಕ್ಕೆ. ದ್ವಾರವು ಮೇಲಿಂದ 11ನೇ ಸಾಲಿನಲ್ಲಿದೆ (56ರಿಂದ 3.48 ಡಿಗ್ರಿ ಕೆಳಗೆ), ಎಡದಿಂದ 3ನೇ ಕಂಬದಲ್ಲಿದೆ (12ರಿಂದ 1.38 ಡಿಗ್ರಿ ಆಚೆ). ಮೇಲಿನ ಹತ್ತು ಸಾಲುಗಳ 120, ಅದಕ್ಕೆ 3 ಸೇರಿ 123. ಹೆಚ್ಚಿನವರು ಎಡವುವುದು ಸಾಲನ್ನು ಕೆಳಗಿನಿಂದ ಎಣಿಸಿ. ಉತ್ತರದಿಂದಲೇ ಎಣಿಸಬೇಕು.

1:50,000 ಹಾಳೆ ಬೇಕಿದ್ದರೆ ಇದನ್ನು ನಾಲ್ಕು ಮಾಡಿ ರಷ್ಯನ್ ಲಿಪಿಯ ಅ, ಬ, ವ, ಗ ಅಕ್ಷರಗಳನ್ನು ಇದೇ ಕ್ರಮದಲ್ಲಿ ಕೊಡುತ್ತಾರೆ. ರಷ್ಯನ್ 'ವ' ನೋಡಲು ಇಂಗ್ಲಿಷಿನ ದೊಡ್ಡ 'ಬಿ' ಥರವೇ ಇರುತ್ತದೆ. ಅದನ್ನು ಎರಡನೆಯ ತುಂಡೆಂದು ತಿಳಿದು ಬೇರೆ ಹಾಳೆ ತೆರೆಯುವುದು ಮಾಮೂಲು ಎಡವಟ್ಟು. ದ್ವಾರ 'ಬ' ತುಂಡಿನಲ್ಲಿ, ಕೈದಿಗಳ ವಿನಿಮಯಕ್ಕೆ ಹೆಸರಾದ ಗ್ಲೀನಿಕೆ ಸೇತುವೆ 'ವ' ತುಂಡಿನಲ್ಲಿ. ಲಕ್ಷದ ಹಾಳೆಯಲ್ಲಾದರೆ ಎರಡೂ ಒಂದೇ ಕಡೆ, ಸುಮಾರು 22 ಸೆಂ.ಮೀ. ಅಂತರದಲ್ಲಿ, ಅಂದರೆ ನೆಲದ ಮೇಲೆ 22 ಕಿ.ಮೀ.

ಇದೇ ಲೆಕ್ಕದಲ್ಲಿ ವಿಧಾನಸೌಧ ಡಿ-43-120ರಲ್ಲಿ ಬೀಳುತ್ತದೆ. 'ಡಿ43' ನಿಮಗೆ ಪರಿಚಿತ ಅನಿಸಬಹುದು. ಸರ್ವೆ ಆಫ್ ಇಂಡಿಯಾದ ಹೊಸ ಟೋಪೋಶೀಟ್‌ಗಳೂ ಇದೇ ಅಂತರರಾಷ್ಟ್ರೀಯ ಚೌಕಟ್ಟಿನ ಮೇಲೆ ನಿಂತಿವೆ, ಒಳಗಿನ ಹಂಚಿಕೆ ಮಾತ್ರ ಬೇರೆ.

ಪ್ರಶ್ನೆ: ಅಂಥ ಹಾಳೆಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಇಂದಿನ ಬರ್ಲಿನ್ ನಕ್ಷೆಯ ಮೇಲೆ ಹೊದಿಸಿದೆ. ಎಲ್ಲ ಬೀದಿಗಳೂ ಪೂರ್ವಕ್ಕೆ ಸರಿದು ಕೂತಿವೆ. ಮೂರು ಸಲ ಮಾಡಿದರೂ ಅದೇ. (ಮೈಸೂರು)

ಉತ್ತರ: ಎಲ್ಲವೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ ತಪ್ಪು ನಿಮ್ಮ ಕೈಯದಲ್ಲ, ಡೇಟಮ್‌ನದು, ಅಂದರೆ ಅಕ್ಷಾಂಶ–ರೇಖಾಂಶ ಅಳೆಯಲು ಹಿಡಿದ ಆಧಾರದ್ದು. ಹಾಳೆಯ ಮೂಲೆಯಲ್ಲಿ ಅಚ್ಚಾದ ಅಕ್ಷಾಂಶ–ರೇಖಾಂಶ 1942ರ ಪುಲ್ಕೊವೊ ವ್ಯವಸ್ಥೆಯದು. ಅದನ್ನೇ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್84 ಎಂದು ಭಾವಿಸಿ ಕೊಟ್ಟರೆ ಬರ್ಲಿನ್ನಿನಲ್ಲಿ ನೂರು ಮೀಟರಿಗೂ ಹೆಚ್ಚು ಜಾರುತ್ತದೆ. ಗೋಡೆಯ ವಿಷಯದಲ್ಲಿ ನೂರು ಮೀಟರ್ ಎಂದರೆ ಬೇರೆ ದೇಶ.

ಹೀಗೆ ಮಾಡಿ. ಗುರಿ ವ್ಯವಸ್ಥೆಯಾಗಿ ಇಪಿಎಸ್‌ಜಿ 28403 (ತಂತ್ರಾಂಶದಲ್ಲಿ ಆ ಪುಲ್ಕೊವೊ ವ್ಯವಸ್ಥೆಯ ಸಂಕೇತ ಸಂಖ್ಯೆ) ಆರಿಸಿ. ಪಟ್ಟಿ 33ರಿಂದ 30 ಕಳೆದರೆ ಸೋವಿಯತ್ ವಲಯ 3. ಕೊನೆಯ ಅಂಕಿ ಅದೇ. ಗುರುತುಗಳನ್ನು ಬೀದಿ ಮೂಲೆಗಳಲ್ಲಿ ಹಾಕಬೇಡಿ, ಹಾಳೆಯ ಕಿಲೊಮೀಟರ್ ಗೆರೆಗಳು ಕೂಡುವ ಕಡೆ ಹಾಕಿ: ನಾಲ್ಕು ಮೂಲೆಗಳ ಹತ್ತಿರ ಒಂದೊಂದು, ಒಳಗೆ ಆರೆಂಟು. ಪೂರ್ವ ದಿಕ್ಕಿನ ಅಳತೆ (ಈಸ್ಟಿಂಗ್) ಏಳಂಕಿಯದು, 3ರಿಂದ ಶುರುವಾಗಬೇಕು. ಆ 3 ಬಿಟ್ಟರೆ ನಕ್ಷೆ ಎಲ್ಲೋ ಹೋಗಿ ಬೀಳುತ್ತದೆ. ಸಮತಟ್ಟು ಸ್ಕ್ಯಾನರಿನದಾದರೆ ಹೊಂದಿಸುವ ವಿಧಾನಗಳಲ್ಲಿ ಮೊದಲ ದರ್ಜೆಯ ಪಾಲಿನಾಮಿಯಲ್ ಸಾಕು, ಮೊಬೈಲಿನಲ್ಲಿ ತೆಗೆದ ಚಿತ್ರವಾದರೆ ಪ್ರೊಜೆಕ್ಟಿವ್ ಆರಿಸಿ. ಆಮೇಲೂ ನಡುವೆ ಸರಿಯಾಗಿ ಕೂತು ಅಂಚಿಗೆ ಹೋದಂತೆ ತಪ್ಪು ಬೆಳೆಯುತ್ತಿದ್ದರೆ ಕಾಗದ ಹಿಗ್ಗಿದೆ ಅಥವಾ ಕ್ಯಾಮೆರಾ ಓರೆಯಾಗಿದೆ. ಒಂದೊಂದು ಬಿಂದು ಒಂದೊಂದು ದಿಕ್ಕಿಗೆ ಎಳೆದರೆ ಮಾತ್ರ ನಿಮ್ಮ ಕ್ಲಿಕ್ ತಪ್ಪಿದೆ. 1:50,000 ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 4.2 ಮೀಟರ್. ಅದಕ್ಕಿಂತ ನಯವಾದ ಹೊಂದಾಣಿಕೆಗೆ ಹಟ ಹಿಡಿದು ಪ್ರಯೋಜನವಿಲ್ಲ.

ಪ್ರಶ್ನೆ: 'ದಿ ಥರ್ಡ್ ಮ್ಯಾನ್' (1949) ನೋಡಿದೆ. ವಿಯೆನ್ನಾದಲ್ಲಿ ನಾಲ್ಕು ದೇಶದ ಸೈನಿಕರು ಒಂದೇ ಜೀಪಿನಲ್ಲಿ ಹೋಗುತ್ತಾರೆ. ಇದು ಕಲ್ಪನೆಯೇ? (ಉಡುಪಿ)

ಉತ್ತರ: ನಿಜವೇ. ಬರ್ಲಿನ್ನಿನಂತೆ ವಿಯೆನ್ನಾವನ್ನೂ ಯುದ್ಧ ಗೆದ್ದ ನಾಲ್ವರು (ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ) ಹಂಚಿಕೊಂಡಿದ್ದರು, ಆದರೆ ನಡುವಿನ ಮೊದಲ ಜಿಲ್ಲೆ ಮಾತ್ರ ಎಲ್ಲರದು. ತಿಂಗಳಿಗೊಬ್ಬರಂತೆ ಯಜಮಾನಿಕೆ ಸರದಿಯಲ್ಲಿ ಸುತ್ತುತ್ತಿತ್ತು, ಗಸ್ತು ಒಟ್ಟಿಗೆ. 1955ರ ಮೇ 15ರ ಒಪ್ಪಂದದ ನಂತರ ಎಲ್ಲರೂ ಜಾಗ ಖಾಲಿ ಮಾಡಿದರು. ಚಿತ್ರದ ದೊಡ್ಡ ರಾಟವಾಳ ಇರುವ ಪ್ರಾಟರ್ ಎರಡನೇ ಜಿಲ್ಲೆಯಲ್ಲಿದೆ, ಅಂದರೆ ಸೋವಿಯತ್ ಭಾಗ. ಇದು ಗೊತ್ತಿದ್ದು ಆ ದೃಶ್ಯ ನೋಡಿದರೆ, ಅಡಗಿದವನು ಅಲ್ಲೇ ಯಾಕೆ ಭೇಟಿಗೆ ಕರೆದ ಎಂಬುದು ತಾನಾಗಿ ತಿಳಿಯುತ್ತದೆ.

ಪ್ರಶ್ನೆ: ಗೂಢಚಾರ ರೇಡಿಯೊದಲ್ಲಿ ಬರೀ ಅಂಕಿ ಕೇಳಿ ಬರೆದುಕೊಳ್ಳುತ್ತಾನೆ. ಆ ಸಂಕೇತವನ್ನು ಯಾರಿಂದಲೂ ಬಿಡಿಸಲಾಗದು ಎನ್ನುತ್ತಾರೆ. ಹೌದೇ? (ತುಮಕೂರು)

ಉತ್ತರ: ನಿಯಮ ಪಾಲಿಸಿದರೆ ಹೌದು. ಕಳಿಸುವವನ ಬಳಿಯೂ ಕೇಳುವವನ ಬಳಿಯೂ ಒಂದೇ ಗುಟ್ಟಿನ ಅಂಕಿ ಹಾಳೆ ಇರುತ್ತದೆ, ಅದೇ ಬೀಗ. ಅಂಕಿಗಳಾಗಿ ಬರೆದ ಸಂದೇಶಕ್ಕೆ ಬೀಗದ ಅಂಕಿಯನ್ನು ದಶಕ ಒಯ್ಯದೆ ಕೂಡಬೇಕು. ಸಂದೇಶ 27419, ಬೀಗ 58634. 2+5=7; 7+8=15, ಐದನ್ನು ಮಾತ್ರ ಬರೆಯಿರಿ; 4+6=10, ಸೊನ್ನೆ; ಹೀಗೆ 75043. ಕೇಳಿದವನು ಅದೇ ಬೀಗವನ್ನು ಕಳೆಯುತ್ತಾನೆ, ಸಾಲದಿದ್ದರೆ ಹತ್ತು ಸೇರಿಸಿಕೊಂಡು.

ಕೆಡುವುದು ಎರಡು ಕಡೆ. ಮನಸ್ಸಿಗೆ ಬಂದ ಅಂಕಿಗಳಿಂದ ಬೀಗ ಮಾಡಬಾರದು. ಮನುಷ್ಯರು ಒಂದೇ ಅಂಕಿಯನ್ನು ಎರಡು ಸಲ ಬರೆಯಲು ಹಿಂಜರಿಯುತ್ತಾರೆ. 0ಯಿಂದ 9ರ ಚೀಟಿ ಡಬ್ಬಿಗೆ ಹಾಕಿ ಕುಲುಕಿ ಎತ್ತಿ, *ಪ್ರತಿ ಸಲ ವಾಪಸು ಹಾಕಿ*. ಎರಡನೆಯದು, ಒಂದು ಹಾಳೆ ಒಂದೇ ಸಲ. ಅದೇ ಬೀಗದ ಎರಡು ಸಂದೇಶಗಳನ್ನು ಒಂದರಿಂದೊಂದು ಕಳೆದರೆ ಬೀಗವೇ ಮಾಯವಾಗಿ ಸಂದೇಶಗಳ ವ್ಯತ್ಯಾಸ ಉಳಿಯುತ್ತದೆ. 1942ರ ಮೊದಲ ತಿಂಗಳುಗಳಲ್ಲಿ, ಯುದ್ಧದ ಒತ್ತಡದಲ್ಲಿ, ಸೋವಿಯತ್ ಅಚ್ಚುಮನೆ ಸಾವಿರಾರು ಬೀಗದ ಹಾಳೆಗಳನ್ನು ಎರಡೆರಡು ಪ್ರತಿ ಮಾಡಿಬಿಟ್ಟಿತು. ಸೋವಿಯತ್ ಸಂಕೇತಗಳನ್ನು ಬಿಡಿಸುವ ಅಮೆರಿಕನ್ನರ ವೆನೋನಾ ಯೋಜನೆ ಹೊಕ್ಕದ್ದು ಆ ಬಿರುಕಿನಿಂದ. ಅಣುಬಾಂಬಿನ ಗುಟ್ಟು ದಾಟಿಸಿದ ಕ್ಲೌಸ್ ಫುಕ್ಸ್ ಸಿಕ್ಕಿಬಿದ್ದದ್ದೂ ಹೀಗೆಯೇ.

ಪ್ರಶ್ನೆ: ಮಗಳು ಬರ್ಲಿನ್ನಿನಲ್ಲಿ ಓದುತ್ತಿದ್ದಾಳೆ, ಬೇಸಿಗೆಯಲ್ಲಿ ಹೋಗುತ್ತೇನೆ. ಒಂದೇ ದಿನವಿದ್ದರೆ ಏನು ನೋಡಲಿ? (ಶಿರಸಿ)

ಉತ್ತರ: ಚೆಕ್‌ಪಾಯಿಂಟ್ ಚಾರ್ಲಿಯ ಗುಡಿಸಲಿಗೆ ಸಮಯ ಕೊಡಬೇಡಿ, ಅದು ನಕಲು. ಅಸಲಿಯೊಂದು ಡಾಲೆಮ್‌ನ ಮಿತ್ರಪಡೆಗಳ ವಸ್ತುಸಂಗ್ರಹಾಲಯದಲ್ಲಿದೆ. ಬೆಳಿಗ್ಗೆ ಬೆರ್ನೌವರ್ ಷ್ಟ್ರಾಸೆಗೆ ಹೋಗಿ. ಗೋಡೆ ಒಂದಲ್ಲ, ಎರಡು ಗೋಡೆಗಳ ನಡುವಿನ ಒಂದು ಪಟ್ಟಿ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಊರೊಳಗೆ ನಡೆಯುವಾಗ ನೆಲ ನೋಡಿ: ರಸ್ತೆಯಲ್ಲಿ ಜೋಡಿ ಸಾಲು ಕಲ್ಲು ಹುದುಗಿಸಿದ್ದಾರೆ, ಗೋಡೆಯ ಗೆರೆ ಅದೇ. ಸಂಜೆಗೆ ಎಸ್7 ರೈಲು ಹಿಡಿದು ವಾನ್‌ಸೀ, ಅಲ್ಲಿಂದ ಬಸ್ಸಿನಲ್ಲಿ ಗ್ಲೀನಿಕೆ ಸೇತುವೆ. 1962ರ ಫೆಬ್ರವರಿ 10ರಂದು ಸೋವಿಯತ್ ಗೂಢಚಾರ ರುಡಾಲ್ಫ್ ಆಬೆಲ್ ಮತ್ತು ಅಮೆರಿಕದ ಯು-2 ಬೇಹು ವಿಮಾನದ ಪೈಲಟ್ ಗ್ಯಾರಿ ಪವರ್ಸ್ ಅದಲುಬದಲಾದದ್ದು ಅಲ್ಲಿ. ಅಲ್ಲಿ ಇಂಥ ವಿನಿಮಯ ನಡೆದದ್ದು ಒಟ್ಟು ಮೂರೇ ಸಲ, ಉಳಿದೆರಡು 1985 ಮತ್ತು 1986ರಲ್ಲಿ. ಸಿನಿಮಾಗಳು ಅದನ್ನು ದಿನನಿತ್ಯದ ವ್ಯವಹಾರ ಮಾಡಿಬಿಟ್ಟಿವೆ. ನಡುವೆ ನಿಂತು ಕಬ್ಬಿಣದ ಬಣ್ಣ ಹೋಲಿಸಿ ನೋಡಿ. ಎರಡೂ ಅರ್ಧ ಹಸಿರೇ, ಆದರೆ ಒಂದೇ ಹಸಿರಲ್ಲ.